ಮಣಿಕಟ್ಟಿನಿಂದ ಮೊಣಕೈಗೆ

ನಿಮ್ಮ ಕೈಗೆ ಒಂದು ಪ್ಲಾಸ್ಟಿಕ್ ಸ್ಲೇಟು ಬಂದಿದೆ. ಬಳಪ ಹಿಡಿದು ಗೀಚುವ ಸ್ಲೇಟಲ್ಲ. ಪುಸ್ತಕದಂತೆ ತೆರೆದುಕೊಳ್ಳುವ ಎರಡು ಪಟ್ಟಿಗಳು. ಮೇಲಿನ ಪಟ್ಟಿಯಲ್ಲಿ ಸಾಲು ಸಾಲು ಪುಟ್ಟ ಕಿಂಡಿಗಳು, ಕೆಳಗಿನದರಲ್ಲಿ ಪ್ರತಿ ಕಿಂಡಿಯ ನೇರಕ್ಕೆ ಆರು ಕುಳಿಗಳು. ಜೊತೆಗೆ ಗುಂಡನೆ ಹಿಡಿಯಿರುವ ಒಂದು ಮೊಂಡು ಮೊಳೆ, ಅದಕ್ಕೆ ಸ್ಟೈಲಸ್ ಅನ್ನುತ್ತಾರೆ. ಎರಡು ಪಟ್ಟಿಗಳ ನಡುವೆ ದಪ್ಪ ಕಾಗದ ಸಿಕ್ಕಿಸಿ ಒತ್ತಿ ಮುಚ್ಚಿದ್ದೀರಿ. ಎಡಕ್ಕೆ ಒಂದರಿಂದ ಮೂರನೇ ತರಗತಿಗೆ ನಲಿ-ಕಲಿ ಪಾಠ ಮಾಡುವ ಟೀಚರ್ ಒಬ್ಬರು, ಬಲಕ್ಕೆ ನಿವೃತ್ತಿ ಹತ್ತಿರವಾದ ಮೇಷ್ಟ್ರೊಬ್ಬರು. ಇಬ್ಬರ ಕೈಯಲ್ಲೂ ಅದೇ ಸ್ಲೇಟು.

"ಬಲಗಡೆಯಿಂದ ಶುರು ಮಾಡಿ," ಅನ್ನುತ್ತದೆ ಮುಂದಿನಿಂದ ಒಂದು ದನಿ. "ಚುಚ್ಚೋದು ಬಲದಿಂದ ಎಡಕ್ಕೆ, ಓದೋದು ಹಾಳೆ ಮಗುಚಿ ಎಡದಿಂದ ಬಲಕ್ಕೆ. ನಾವು ಚುಚ್ಚಿದ ಚುಕ್ಕಿ ಹಿಂದುಗಡೆ ತಾನೇ ಉಬ್ಬೋದು?"

ಹೇಳುತ್ತಿರುವವರು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ಮೇಷ್ಟ್ರು. ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಈ ಹೊತ್ತಿನ ತರಬೇತಿಗೆ ಅವರೇ ಸಂಪನ್ಮೂಲ ವ್ಯಕ್ತಿ. ಬಿಳಿ ಕೋಲನ್ನು ಮಡಿಚಿ ಮೇಜಿನ ಮೇಲಿಟ್ಟಿದ್ದಾರೆ. ಕೋಲಿನ ಪಕ್ಕ ಹಾಜರಿ ಪುಸ್ತಕ, ನೀರಿನ ಬಾಟಲಿ, ಕಾಗದ ಹಾರದಿರಲೆಂದು ಇಟ್ಟ ಡಸ್ಟರು.

ಇದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನ ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರ. ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಸಮನ್ವಯ ಶಿಕ್ಷಣದ ಐದು ದಿನದ ತರಬೇತಿ ನಡೆಯುತ್ತಿದೆ. ಗೋಡೆಗೆ ಕಟ್ಟಿದ ಬ್ಯಾನರಿನ ಒಂದು ಮೂಲೆ ಫ್ಯಾನಿನ ಗಾಳಿಗೆ ಬಿಚ್ಚಿಕೊಂಡಿದೆ. ಊಟದ ಡಬ್ಬಿಗಳನ್ನು ಹಿಂದಿನ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದಾರೆ. ಅನ್ಯಕಾರ್ಯ ನಿಮಿತ್ತ (ಓಓಡಿ) ಬಂದಿರುವ ಶಿಕ್ಷಕರ ಮೊಬೈಲುಗಳು ಆಗಾಗ ಗುಂಯ್‌ಗುಡುತ್ತವೆ. ಶಾಲೆಯಲ್ಲಿ ಉಳಿದ ಒಬ್ಬರೇ ಟೀಚರ್ ಮೊಟ್ಟೆಯ ಲೆಕ್ಕ ಕೇಳುತ್ತಿದ್ದಾರೆ, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಮಕ್ಕಳ ಮಾಹಿತಿಯ ಸ್ಯಾಟ್ಸ್ ಎಂಟ್ರಿ ಬಾಕಿಯಿದೆ ಅನ್ನುತ್ತಿದ್ದಾರೆ. ಒಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು: ಈ ಹಾಲ್ ಮೊದಲ ಮಹಡಿಯಲ್ಲಿದೆ. ಮೆಟ್ಟಿಲು ಬಿಟ್ಟರೆ ಬೇರೆ ದಾರಿಯಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವ ಶಿಕ್ಷಕಿಯೊಬ್ಬರು ಈ ತರಬೇತಿಗೆ ಬಂದರೆ ಕೆಳಗೇ ಉಳಿಯಬೇಕು. ಇದು ಸಣ್ಣ ಲೋಪವಲ್ಲ.

"ಆರು ಚುಕ್ಕಿ. ಎಡಗಡೆ ಮೇಲಿಂದ ಕೆಳಕ್ಕೆ ಒಂದು, ಎರಡು, ಮೂರು. ಬಲಗಡೆ ನಾಲ್ಕು, ಐದು, ಆರು. ಇದು ಓದುವಾಗಿನ ಲೆಕ್ಕ. ಚುಚ್ಚುವಾಗ ಒಂದು, ಎರಡು, ಮೂರು ಬಲಕ್ಕೆ ಬರುತ್ವೆ. ಈಗ ಎಲ್ರೂ ಮರ ಅಂತ ಬರೀರಿ. ಮ ಅಂದ್ರೆ ಒಂದು, ಮೂರು, ನಾಲ್ಕು. ರ ಅಂದ್ರೆ ಒಂದು, ಎರಡು, ಮೂರು, ಐದು."

ಕಿಂಡಿಯೊಳಗೆ ಮೊಳೆ ತೂರಿಸುತ್ತೀರಿ. ಒತ್ತಿದಾಗ ಕಾಗದ ಟಪ್ ಎಂದು ಸಣ್ಣಗೆ ಸದ್ದು ಮಾಡುತ್ತದೆ. ಒಂದನೇ ಚುಕ್ಕಿ ಸಿಕ್ಕಿತು, ಮೂರನೆಯದಕ್ಕೆ ಹುಡುಕಾಟ. ಹಾಲ್ ತುಂಬ ಟಪ್ ಟಪ್ ಸದ್ದು, ಮಾತಿಲ್ಲ. ಮೂವತ್ತು ವರ್ಷ ಬೋರ್ಡಿನ ಮೇಲೆ ಮುತ್ತಿನಂಥ ಅಕ್ಷರ ಬರೆದವರೆಲ್ಲ ಎರಡಕ್ಷರಕ್ಕೆ ತಡವರಿಸುತ್ತಿದ್ದಾರೆ.

ಮೇಷ್ಟ್ರು ಮೇಜುಗಳ ನಡುವೆ ಬರುತ್ತಾರೆ. ಒಬ್ಬೊಬ್ಬರ ಹಾಳೆಯನ್ನೂ ಮಗುಚಿ ತೋರುಬೆರಳಿನ ತುದಿಯನ್ನು ಅದರ ಮೇಲೆ ಸುಮ್ಮನೆ ಸರಿಸುತ್ತಾರೆ. ಒತ್ತುವುದಿಲ್ಲ. "ಸರಿ ಇದೆ." "ಮೂರನೇ ಚುಕ್ಕಿ ಬಿದ್ದಿಲ್ಲ." "ಮೇಡಂ, ಇದು ಮರ ಅಲ್ಲ, ಮ ಮಾತ್ರ." ನಲಿ-ಕಲಿ ಟೀಚರ್ ಹಾಳೆಗೆ ಬಂದಾಗ ಬೆರಳು ಒಂದು ಕ್ಷಣ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಬರುತ್ತದೆ. ಮೇಷ್ಟ್ರ ಮುಖದಲ್ಲಿ ನಗು. "ಮೇಡಂ, ನೀವು ಶಠ ಅಂತ ಬರೆದಿದ್ದೀರಿ. ಎಡ ಬಲ ಅದಲು ಬದಲಾಗಿದೆ. ಮ ತಿರುಗಿದ್ರೆ ಶ, ರ ತಿರುಗಿದ್ರೆ ಠ."

ಹಾಲ್ ನಗುತ್ತದೆ, ಟೀಚರ್ ಕೂಡ. ನಕ್ಕು ಮುಗಿದ ಮೇಲೆ ಅವರು ಮೆಲ್ಲಗೆ ಕೇಳುತ್ತಾರೆ, "ಸಾರ್, ನಮ್ಮ ಶಾಲೇಲಿ ಎರಡನೇ ಕ್ಲಾಸಿಗೆ ಒಬ್ಬ ಹುಡುಗ ಇದ್ದಾನೆ. ಪೂರ್ತಿ ಕಾಣಲ್ಲ. ಪದ್ಯ ಎಲ್ಲ ಬಾಯಿಪಾಠ. ಬರೆಯೋದು ಮಾತ್ರ ಬಿಟ್ಟುಬಿಟ್ಟಿದ್ದೀನಿ. ಅವನಿಗೆ ನಾನು ಇದನ್ನ ಕಲಿಸಬಹುದಾ?"

"ಶುರು ಮಾಡಬಹುದು. ಮುಂದುವರಿಸೋಕೆ ನಿಮಗೆ ಜೊತೆಗಾರರು ಬೇಕು," ಅನ್ನುತ್ತಾರೆ ಮೇಷ್ಟ್ರು. ಈ ತರಬೇತಿಯ ಬಲವೂ ಮಿತಿಯೂ ಆ ಒಂದು ಮಾತಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಹಲವು ಕಡೆ ಇಂಥ ತರಬೇತಿಗಳಲ್ಲಿ ಶಿಕ್ಷಕರ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ ಆಡಿಸುತ್ತಾರೆ. ಐದು ನಿಮಿಷ ಗೋಡೆಗೆ ಡಿಕ್ಕಿ ಹೊಡೆದು ಬಟ್ಟೆ ಬಿಚ್ಚಿದವರ ಬಾಯಲ್ಲಿ ಬರುವುದು "ಪಾಪ" ಎನ್ನುವ ಮಾತು. ಕುರುಡು ಹುಡುಗನಿಗೆ ಆ ಪಾಪದಿಂದ ಒಂದಕ್ಷರವೂ ಬರುವುದಿಲ್ಲ. ಇಲ್ಲಿ ಆ ಆಟವಿಲ್ಲ. ಕಣ್ಣು ಕಾಣದವರು ಕಲಿಸುತ್ತಿದ್ದಾರೆ, ಕಣ್ಣಿದ್ದವರು ತಪ್ಪು ಮಾಡಿ ತಿದ್ದಿಕೊಳ್ಳುತ್ತಿದ್ದಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 17ನೇ ಕಲಂ ಹೇಳುವುದೂ ಇದನ್ನೇ. ಬ್ರೈಲ್ ಮತ್ತು ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು, ಅಂಗವೈಕಲ್ಯವಿರುವ ಶಿಕ್ಷಕರನ್ನೂ ಸೇರಿಸಿ, ತರಬೇತುಗೊಳಿಸಿ ಕೆಲಸಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತದೆ ಅದು. ಭಾರತದ ಭಾಷೆಗಳಿಗೆಲ್ಲ ಒಂದೇ ಬಗೆಯ ಚುಕ್ಕಿಗಳನ್ನು ಹೊಂದಿಸಿದ ಭಾರತಿ ಬ್ರೈಲ್ ರೂಪುಗೊಂಡದ್ದು 1951ರಲ್ಲಿ. ಮೈಸೂರಿನ ತಿಲಕ್ ನಗರದಲ್ಲಿ ಸರ್ಕಾರದ್ದೇ ಬ್ರೈಲ್ ಮುದ್ರಣಾಲಯವಿದೆ. ಲಿಪಿ ಉಂಟು, ಪುಸ್ತಕ ಉಂಟು. ಎರಡನೇ ತರಗತಿಯ ಆ ಹುಡುಗನ ಬೆರಳು ಹಿಡಿದು ಚುಕ್ಕಿ ತೋರಿಸುವವರು ಅವನ ಊರಿನಲ್ಲಿಲ್ಲ.

ಟೀ ಬರುತ್ತದೆ, ಜೊತೆಗೆ ಎರಡು ಬಿಸ್ಕತ್ತು. ಬಲಕ್ಕಿದ್ದ ಹಿರಿಯ ಮೇಷ್ಟ್ರು ಲೋಟ ಹಿಡಿದು ಕಿಟಕಿಯ ಬಳಿ ನಿಲ್ಲುತ್ತಾರೆ. ನೀವೂ ಪಕ್ಕಕ್ಕೆ ಹೋಗುತ್ತೀರಿ. "ನನ್ನ ಕ್ಲಾಸಲ್ಲೂ ಒಬ್ಬ ಇದ್ದ," ಅನ್ನುತ್ತಾರೆ, ನೀವು ಕೇಳದೆಯೇ. "ಬಹಳ ಸಾಧು ಹುಡುಗ. ಮೂಲೇಲಿ ಕೂರ್ತಿದ್ದ, ಯಾರಿಗೂ ತೊಂದ್ರೆ ಕೊಡ್ತಿರ್ಲಿಲ್ಲ. ಏಳನೇ ಕ್ಲಾಸ್ ತನಕ ಪಾಸು ಮಾಡ್ಕೊಂಡು ಬಂದೆ. ಏನು ಕಲಿಸಿದೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ರೆ ನನ್ನ ಹತ್ರ ಉತ್ತರಾನೂ ಇರ್ಲಿಲ್ಲ." ಲೋಟ ಖಾಲಿಯಾದರೂ ಕೆಳಗಿಡುವುದಿಲ್ಲ. "ಈ ತರಬೇತಿ ನನಗೆ ಇಪ್ಪತ್ತು ವರ್ಷ ಮುಂಚೆ ಸಿಗಬೇಕಿತ್ತು."

ಯೋಜನೆಗಳು ಆಗಲೂ ಇದ್ದವು. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲೇ ಓದಿಸುವ ಕೇಂದ್ರದ ಯೋಜನೆ ಶುರುವಾದದ್ದು 1974ರಲ್ಲಿ. ಮೊದಲು ಕಲ್ಯಾಣ ಇಲಾಖೆಯ ಕೈಯಲ್ಲಿತ್ತು, 1982ರಲ್ಲಿ ಶಿಕ್ಷಣ ಇಲಾಖೆಗೆ ಬಂತು. ಸರ್ವ ಶಿಕ್ಷಣ ಅಭಿಯಾನದ ಕಾಲಕ್ಕೆ ಬಹುವಿಕಲತೆ ಕುರಿತ 90 ದಿನಗಳ ತರಬೇತಿಗಳು ನಡೆದವು. 2018ರಲ್ಲಿ ಎಲ್ಲ ಸೇರಿ ಸಮಗ್ರ ಶಿಕ್ಷಣವಾಯಿತು. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯ ಗುರುತಿಸಿತ್ತು. 2016ರದ್ದು 21 ಬಗೆಗಳನ್ನು ಗುರುತಿಸುತ್ತದೆ. ಆಟಿಸಂ, ಕಲಿಕಾ ನ್ಯೂನತೆ, ಕುಡುಗೋಲು ಕಣ ರೋಗ, ತಲಸ್ಸೀಮಿಯಾ ಎಲ್ಲವೂ ಆ ಪಟ್ಟಿಯಲ್ಲಿವೆ. ಅಷ್ಟನ್ನೂ ಐದು ದಿನದಲ್ಲಿ ಮುಗಿಸಬೇಕು. ಒಂದೊಂದಕ್ಕೆ ಸಿಗುವುದು ಗಂಟೆಯೋ ಎರಡು ಗಂಟೆಯೋ.

ಅಷ್ಟರಲ್ಲೂ ಉಪಯೋಗಕ್ಕೆ ಬರುವ ಮಾತುಗಳಿವೆ. ಶ್ರವಣದೋಷವಿರುವ ಮಗುವನ್ನು ಮುಂದಿನ ಸಾಲಿನಲ್ಲಿ, ನಿಮ್ಮ ಮುಖ ಕಾಣುವ ಕಡೆ ಕೂರಿಸಿ. ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಬೆನ್ನ ಹಿಂದಿನ ಕಿಟಕಿಯಿಂದ ಬರುವುದು ಬೇಡ. ಶ್ರವಣ ಸಾಧನ ಹಾಕಿಕೊಂಡಿದ್ದಾನೆ ಎಂದರೆ ಕೇಳಿಸುತ್ತಿದೆ ಎಂದಲ್ಲ, ಬ್ಯಾಟರಿ ಮುಗಿದಿದೆಯೇ ನೋಡಿ. ಹಾಲ್‌ನಲ್ಲಿದ್ದವರು ಇದನ್ನೆಲ್ಲ ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ನಾಳೆಯಿಂದಲೇ, ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳಿವು. ಇಷ್ಟಕ್ಕಾದರೂ ಈ ಐದು ದಿನ ಬೇಕೇ ಬೇಕು.

ಮಧ್ಯಾಹ್ನ ಊಟವಾದ ಮೇಲೆ ಕಣ್ಣೆಳೆಯುವ ಹೊತ್ತು. ಬಾಗಿಲಲ್ಲಿ ಒಬ್ಬ ಹೆಂಗಸು ಬಕೆಟ್, ಜಗ್ಗು, ಸೋಪಿನ ಡಬ್ಬಿ, ಟವೆಲ್ ಹಿಡಿದು ಬರುತ್ತಾರೆ. ಈ ತಾಲ್ಲೂಕಿನ ಬಿಐಇಆರ್‌ಟಿ, ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿ. ಎರಡು ವರ್ಷ ವಿಶೇಷ ಶಿಕ್ಷಣದ ಡಿಎಡ್ ಓದಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಪಡೆದವರು. ಬಕೆಟ್ಟನ್ನು ಮೇಜಿನ ಮೇಲಿಟ್ಟು ಕೇಳುತ್ತಾರೆ: "ಕೈ ತೊಳೆಯೋದು ಅಂದ್ರೆ ಎಷ್ಟು ಕೆಲಸ?"

"ಒಂದೇ," ಅನ್ನುತ್ತಾರೆ ಯಾರೋ. ಇನ್ನೊಬ್ಬರು ಯೋಚಿಸಿ, "ನೀರು ಹಾಕೋದು, ಸೋಪು ಹಚ್ಚೋದು, ಉಜ್ಜೋದು, ತೊಳೆಯೋದು, ಒರೆಸೋದು. ಐದು."

"ಬನ್ನಿ ಸಾರ್, ತೊಳೀರಿ. ಎಲ್ರೂ ನೋಡ್ಕೊಂಡು ಹೇಳಿ, ನಾನು ಬರೀತೀನಿ."

ಹಿರಿಯ ಮೇಷ್ಟ್ರು ಎದ್ದು ಹೋಗುತ್ತಾರೆ. ತೋಳು ಮೇಲೇರಿಸಬೇಕು. ಬಕೆಟ್ ಹತ್ತಿರ ಹೋಗಬೇಕು. ಜಗ್ಗಿನ ಹಿಡಿ ಹಿಡಿಯಬೇಕು. ಮುಳುಗಿಸಬೇಕು, ಎತ್ತಬೇಕು. ಬಗ್ಗಿಸಿ ಇನ್ನೊಂದು ಕೈ ಮೇಲೆ ಸುರಿಯಬೇಕು. ಜಗ್ಗು ಕೆಳಗಿಡಬೇಕು. ಸೋಪಿನ ಡಬ್ಬಿ ತೆಗೆಯಬೇಕು. ಬೋರ್ಡಿನ ಮೇಲೆ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಸೋಪು ಜಾರಿದರೆ ಹಿಡಿಯುವುದೂ ಒಂದು ಹೆಜ್ಜೆಯೇ ಎಂದು ಚರ್ಚೆಯಾಗುತ್ತದೆ. ಒರೆಸಿಕೊಂಡ ಟವೆಲನ್ನು ಮತ್ತೆ ಮೊಳೆಗೆ ತಗುಲಿಹಾಕುವ ಹೊತ್ತಿಗೆ ಬೋರ್ಡಿನಲ್ಲಿ ಜಾಗವಿಲ್ಲ.

"ನಮ್ಮ ನಲಿ-ಕಲಿ ಏಣಿ ಇದ್ದ ಹಾಗಿದೆ," ಅನ್ನುತ್ತಾರೆ ನಲಿ-ಕಲಿ ಟೀಚರ್. ಬಿಐಇಆರ್‌ಟಿ ಮುಖ ಅರಳುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಿನಿಂದಲೇ ಹತ್ತುತ್ತದೆ, ಪಕ್ಕದವನ ಮೆಟ್ಟಿಲಿಗೂ ಅದಕ್ಕೂ ಸಂಬಂಧವಿಲ್ಲ. "ಅದೇ ಮೇಡಂ. ಬೌದ್ಧಿಕ ಅಂಗವೈಕಲ್ಯ ಇರೋ ಮಗುಗೆ ನಾವು ಮೆಟ್ಟಿಲು ಇನ್ನೂ ಚಿಕ್ಕದು ಮಾಡ್ತೀವಿ. ಇನ್ನೊಂದು ವಿಷಯ, ಕೆಲವು ಸಲ ಕೊನೇ ಮೆಟ್ಟಿಲಿಂದ ಶುರು ಮಾಡ್ತೀವಿ."

ಯಾಕೆಂದು ಅವರು ವಿವರಿಸುವುದು ಕೇಳಿ. ಅಂಗಿ ಹಾಕಿಕೊಳ್ಳುವುದನ್ನು ಮೊದಲಿನಿಂದ ಕಲಿಸಲು ಹೊರಟರೆ ಮಗು ಮೊದಲ ಹೆಜ್ಜೆಯಲ್ಲೇ ಸೋಲುತ್ತದೆ, ಉಳಿದದ್ದನ್ನು ಅಮ್ಮ ಬಂದು ಮಾಡಿಬಿಡುತ್ತಾಳೆ. ಅದರ ಬದಲು ಎಲ್ಲವನ್ನೂ ನೀವೇ ಮಾಡಿ, ಕೊನೆಯ ಗುಂಡಿಯೊಂದನ್ನು ಮಾತ್ರ ಮಗುವಿಗೆ ಬಿಡಿ. ಗುಂಡಿ ಹಾಕಿದ ಕೂಡಲೇ ಅಂಗಿ ಹಾಕಿದ್ದು ಮುಗಿಯಿತು. ಮುಗಿಸಿದ್ದು ಮಗು. ಆ ಖುಷಿ ಕೈಗೆ ಸಿಕ್ಕ ಮೇಲೆ ಕೊನೆಯಿಂದ ಎರಡನೆಯ ಗುಂಡಿ. ಹಾಗೇ ಹಿಂದಕ್ಕೆ ಹಿಂದಕ್ಕೆ.

ಕೈ ಹಿಡಿದು ಮಾಡಿಸುವುದಕ್ಕೂ ಕ್ರಮವಿದೆ. ಎದುರು ನಿಲ್ಲಬಾರದು, ಮಗುವಿನ ಬೆನ್ನ ಹಿಂದಿರಬೇಕು. ಆಗ ನಿಮ್ಮ ಕೈಯೂ ಮಗುವಿನ ಕೈಯೂ ಒಂದೇ ದಿಕ್ಕಿಗೆ ಚಲಿಸುತ್ತವೆ. ಮೊದಲು ಮಗುವಿನ ಅಂಗೈ ಮೇಲೆ ನಿಮ್ಮ ಅಂಗೈ. ಅದು ಬೇಡವೆನಿಸಿದ ದಿನ ಮಣಿಕಟ್ಟು. ಅಲ್ಲಿಂದ ಮೊಣಕೈ. ಅಲ್ಲಿಂದ ಭುಜಕ್ಕೆ ಬರೀ ಬೆರಳು. ಆಮೇಲೆ ಬೆರಳೂ ಬೇಡ, ಮಾತು ಸಾಕು. ಕೊನೆಗೆ ಮಾತೂ ಬೇಡ. "ಆಸರೆ ಕೊಡೋಕೆ ಎಲ್ರಿಗೂ ಬರುತ್ತೆ. ಯಾವಾಗ ತೆಗೀಬೇಕು ಅನ್ನೋದೇ ನಮ್ಮ ಓದು," ಅನ್ನುತ್ತಾರೆ.

ಮರುದಿನ ಅವರ ಸ್ಕೂಟರಿನ ಹಿಂದೆ ಕೂತಿದ್ದೀರಿ. ಕಾಲ ಬಳಿ ಒಂದು ಬಟ್ಟೆಯ ಚೀಲ. ಟಾರು ರಸ್ತೆ ಮುಗಿದು ತೆಂಗಿನ ತೋಟಗಳ ನಡುವಿನ ಮಣ್ಣುದಾರಿ. ತೀವ್ರ ಅಥವಾ ಬಹುವಿಧ ಅಂಗವೈಕಲ್ಯದಿಂದ ಶಾಲೆಗೆ ಬರಲಾಗದ ಮಕ್ಕಳು ಮನೆಯಲ್ಲೇ ಕಲಿಯುವ ಅವಕಾಶವನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ಗೃಹಾಧಾರಿತ ಶಿಕ್ಷಣ ಎಂದು ಇಲಾಖೆಯ ಹೆಸರು. ಅಂಥ ಒಂದು ಮನೆಗೆ ಈಗ ಹೋಗುತ್ತಿದ್ದೀರಿ.

ಹೆಂಚಿನ ಮನೆ. ಜಗುಲಿಯ ಮೂಲೆಯಲ್ಲಿ ಮರದ ಕಾರ್ನರ್ ಚೇರು. ಎರಡು ಬದಿಗೂ ರೆಕ್ಕೆಯಂತೆ ಹಲಗೆ, ಮುಂದೆ ಒಂದು ಪುಟ್ಟ ಮೇಜು. ಅದರಲ್ಲಿ ಹನ್ನೊಂದರ ಹುಡುಗಿಯೊಬ್ಬಳು ಕೂತಿದ್ದಾಳೆ. ಸೆರೆಬ್ರಲ್ ಪಾಲ್ಸಿ. ಸ್ಕೂಟರಿನ ಸದ್ದು ಕೇಳುತ್ತಲೇ ಅವಳ ಎರಡೂ ಕೈ ಬಿಗಿದು ಮೇಲೆದ್ದಿವೆ, ಮುಖ ತುಂಬ ನಗು. ಅಪ್ಪ ಅಮ್ಮ ಕೂಲಿಗೆ ಹೋಗಿದ್ದಾರೆ. ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬರುತ್ತಾರೆ.

"ಬನ್ನಿ ಟೀಚರಮ್ಮ. ಬೆಳಿಗ್ಗೆಯಿಂದ ರೋಡೇ ನೋಡ್ತಾವ್ಳೆ."

"ಚೆನ್ನಾಗಿದ್ದೀರಾ ಅಜ್ಜಿ? ಊಟ ಕೊಟ್ಟುಬಿಟ್ರಾ?"

"ಇಲ್ಲ ಕಣವ್ವ. ನೀವು ಬತ್ತೀರಿ ಅಂತ ಮಡಗಿವ್ನಿ."

ಚೀಲದಿಂದ ಒಂದು ಚಮಚ ಹೊರಬರುತ್ತದೆ. ಅದರ ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ದಪ್ಪ ಮಾಡಿದ್ದಾರೆ. ಸಣ್ಣ ಹಿಡಿ ಈ ಬೆರಳುಗಳಿಗೆ ನಿಲ್ಲುವುದಿಲ್ಲ, ರಬ್ಬರಿದ್ದರೆ ಜಾರುವುದೂ ಇಲ್ಲ. ಟೀಚರ್ ಮೊದಲು ಹುಡುಗಿಯ ಕಾಲು ನೋಡುತ್ತಾರೆ. ಎರಡೂ ಪಾದ ನೇತಾಡುತ್ತಿವೆ. ಮೂಲೆಯಲ್ಲಿದ್ದ ಮಣೆ ತಂದು ಪಾದಗಳ ಕೆಳಗಿಡುತ್ತಾರೆ. ಸೊಂಟ ಹಿಂದಕ್ಕೆ ಸರಿಸಿ ಬೆಲ್ಟು ಬಿಗಿಯುತ್ತಾರೆ. ಗದ್ದ ಸ್ವಲ್ಪ ಕೆಳಗೆ. ಅಜ್ಜಿ ಎಷ್ಟೋ ವರ್ಷ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಲೆ ಹಿಂದಕ್ಕೆ ವಾಲಿಸಿ ತುತ್ತು ಹಾಕಿದವರು. ಪ್ರತಿ ಊಟಕ್ಕೂ ಕೆಮ್ಮು. ತಲೆ ಹಿಂದೆ ವಾಲಿದರೆ ಅನ್ನ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ ಎಂದು ಆ ಅಜ್ಜಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಜಗುಲಿಗೆ ಬಂದದ್ದು ಮಗುವಿಗೆ ಒಂಬತ್ತು ತುಂಬಿದ ಮೇಲೆ.

ಬೇಳೆ ಹಾಕಿ ಮೆತ್ತಗೆ ಕಲಸಿದ ಅನ್ನ. ಟೀಚರ್ ಹುಡುಗಿಯ ಹಿಂದೆ ಮಂಡಿಯೂರುತ್ತಾರೆ. ಚಮಚಕ್ಕೆ ಅನ್ನ ತುಂಬುವುದು, ಎತ್ತುವುದು, ಬಾಯಿಯ ಹತ್ತಿರಕ್ಕೆ ತರುವುದು ಇಬ್ಬರ ಕೈಯೂ ಸೇರಿ. ತುಟಿಗೆ ಇನ್ನೆರಡು ಬೆರಳಷ್ಟು ದೂರವಿರುವಾಗ ಟೀಚರ್ ಕೈ ಸಡಿಲಿಸುತ್ತಾರೆ. ಕೊನೆಯ ಎರಡು ಬೆರಳು ಹುಡುಗಿಯದು. ಚಮಚ ನಡುಗುತ್ತದೆ, ಒಂದು ಅಗುಳು ಮಡಿಲಿಗೆ ಬೀಳುತ್ತದೆ, ಬಾಯಿ ತೆರೆಯುತ್ತದೆ, ಚಮಚ ಒಳಗೆ. "ಶಭಾಷ್!" ಎರಡನೇ ತುತ್ತು. ಮೂರನೆಯದು ಕೆನ್ನೆಗೆ. ನಾಲ್ಕನೆಯದಕ್ಕೆ ಟೀಚರ್ ಹಿಡಿತ ಅಂಗೈಯಿಂದ ಮಣಿಕಟ್ಟಿಗೆ ಬಂದಿದೆ. ನೀವು ಗಮನಿಸಿದ್ದೀರಿ, ಹುಡುಗಿಗೆ ಗೊತ್ತಾಗಿಲ್ಲ. ಐದು, ಆರು. ಏಳನೆಯದಕ್ಕೆ ಎರಡು ಬೆರಳು ಮೊಣಕೈ ಕೆಳಗೆ ಮಾತ್ರ. ಚಮಚ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಕತ್ತು ಒಂದು ಕಡೆಗೆ ಎಳೆಯುತ್ತಿದೆ, ತೋಳು ಮರದಂತೆ ಬಿಗಿದಿದೆ. ಅಜ್ಜಿ ಮುಂದಕ್ಕೆ ಬಗ್ಗಿ ಕೈ ಚಾಚುತ್ತಾರೆ.

"ಬೇಡ ಅಜ್ಜಿ. ಸ್ವಲ್ಪ ತಡೀರಿ."

ನೀವೂ ಉಸಿರು ಬಿಗಿಹಿಡಿದಿದ್ದೀರಿ. ಟೀಚರ್ ಏನೂ ಮಾಡುವುದಿಲ್ಲ. ಕೈ ಬಿಟ್ಟಿಲ್ಲ, ತಳ್ಳುತ್ತಲೂ ಇಲ್ಲ. ಬಿಗಿದ ಸ್ನಾಯು ತಾನಾಗಿ ಸಡಿಲವಾಗಲು ಕಾಯುತ್ತಿದ್ದಾರೆ. ತೋಳು ಮೆಲ್ಲಗೆ ಇಳಿಯುತ್ತದೆ, ಮತ್ತೆ ಏಳುತ್ತದೆ, ಚಮಚ ಬಾಯಿ ಸೇರುತ್ತದೆ. ಅಜ್ಜಿಯ ಚಾಚಿದ ಕೈ ಹಾಗೇ ಇದೆ.

"ನೋಡಿದ್ರಾ? ನಾಳೆಯಿಂದ ನೀವೂ ಹೀಗೇ. ಮಧ್ಯಾಹ್ನದ ಊಟಕ್ಕೆ ಮೊದಲ ಐದು ತುತ್ತು ಅವಳದ್ದು, ಮಿಕ್ಕಿದ್ದು ನಿಮ್ಮದು. ಹಿಂದುಗಡೆ ಕೂತ್ಕೊಳ್ಳಿ, ಎದುರಿಗೆ ಬೇಡ."

ಆ ಕಾಯುವಿಕೆಯನ್ನು ಐದು ದಿನದ ತರಬೇತಿಯಲ್ಲಿ ಕಲಿಸಲಾಗದು. ಪುಸ್ತಕದಲ್ಲಿ ಬರೆದಿರಬಹುದು, ಸ್ಲೈಡಿನಲ್ಲಿ ತೋರಿಸಬಹುದು. ಬಿಗಿದ ತೋಳು ಯಾವಾಗ ಸಡಿಲವಾಗುತ್ತದೆ ಎನ್ನುವುದು ಬೆರಳಿಗೆ ತಿಳಿಯಬೇಕಾದರೆ ಹಲವು ಮಕ್ಕಳ ತೋಳು ಹಿಡಿದಿರಬೇಕು, ತಪ್ಪಾದಾಗ ಪಕ್ಕದಲ್ಲಿ ನಿಂತು ತಿದ್ದುವವರಿರಬೇಕು. ವಿಶೇಷ ಶಿಕ್ಷಣದ ಡಿಎಡ್, ಬಿಎಡ್ ಎರಡೆರಡು ವರ್ಷ ಹಿಡಿಯುವುದು ಅದಕ್ಕೇ.

ಟೀಚರ್ ಕಡತ ತೆಗೆಯುತ್ತಾರೆ. ಮದ್ರಾಸಿನಲ್ಲಿ ರೂಪುಗೊಂಡು ದೇಶದ ವಿಶೇಷ ಶಾಲೆಗಳಲ್ಲೆಲ್ಲ ಹರಡಿದ ಎಂಡಿಪಿಎಸ್ ಎಂಬ ಮೌಲ್ಯಮಾಪನ ಪಟ್ಟಿ ಅದರಲ್ಲಿದೆ. 18 ವಿಭಾಗ, ಒಂದೊಂದರಲ್ಲಿ 20 ಕೌಶಲ, ಒಟ್ಟು 360. ಮಾಡುತ್ತಾಳೆ, ಮಾಡುವುದಿಲ್ಲ ಎಂದು ಗುರುತು ಹಾಕುತ್ತ ಹೋಗುವುದು. ಪಕ್ಕದ ಹಾಳೆಯಲ್ಲಿ ಈ ಮೂರು ತಿಂಗಳ ಗುರಿ: "ಮೊಣಕೈಗೆ ಆಸರೆ ಕೊಟ್ಟಾಗ ಹತ್ತು ತುತ್ತಿನಲ್ಲಿ ಆರನ್ನು ತಾನೇ ಬಾಯಿಗೆ ತಲುಪಿಸುವುದು." ಊಟ ಕಲಿಯುತ್ತಾಳೆ ಎಂದು ಬರೆದಿಲ್ಲ ನೋಡಿ. ಎಷ್ಟು ಆಸರೆ, ಎಷ್ಟು ಸಲ, ಎಷ್ಟು ದಿನದೊಳಗೆ, ಎಲ್ಲ ಅಳತೆಗೆ ಸಿಗಬೇಕು. ಇಂದಿನ ದಿನಾಂಕ ಹಾಕಿ, ಮೂರು ಎಂದು ಬರೆಯುತ್ತಾರೆ. ಅಜ್ಜಿಗೆ ಓದಲು ಬರುವುದಿಲ್ಲ. ಆದರೂ ಕಡತ ಅವರತ್ತ ತಿರುಗಿಸಿ ಅಂಕಿ ತೋರಿಸುತ್ತಾರೆ. "ಹೋದ ವಾರ ಎರಡಿತ್ತು, ಅಲ್ವಾ ಅಜ್ಜಿ?" "ಹೂಂ ಕಣವ್ವ, ಎಲ್ಡು."

ಹಿಂದಿರುಗುವ ದಾರಿಯಲ್ಲಿ ಗಾಳಿಗೆ ಮಾತು ಅರ್ಧ ಹಾರಿಹೋಗುತ್ತದೆ, ಸ್ಕೂಟರನ್ನು ಆಲದ ಮರದ ಕೆಳಗೆ ನಿಲ್ಲಿಸಿದ ಮೇಲೆ ಉಳಿದದ್ದು ಕೇಳಿಸುತ್ತದೆ. ಓದುವಾಗ ಅವರು ಮೈಸೂರಿನ ಮಾನಸಗಂಗೋತ್ರಿಗೆ ವೀಕ್ಷಣೆಗೆ ಹೋಗಿದ್ದರಂತೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲಿದೆ, ಕೇಂದ್ರ ಸರ್ಕಾರದ ದುಡ್ಡಿನಲ್ಲಿ ನಡೆಯುವಂಥದ್ದು. ಅಲ್ಲಿನ ಶಾಲಾಪೂರ್ವ ತರಗತಿಯಲ್ಲಿ ಮಕ್ಕಳ ಜೊತೆ ತಾಯಂದಿರೂ ಕೂರುತ್ತಾರೆ. ಟೀಚರ್ ಮಾಡಿದ್ದನ್ನು ಅಮ್ಮ ನೋಡಿಕೊಳ್ಳಬೇಕು, ಮನೆಗೆ ಹೋಗಿ ಮುಂದುವರಿಸಬೇಕು. "ಅದನ್ನ ನೋಡಿದ ಮೇಲೇ ಗೊತ್ತಾಗಿದ್ದು. ನಾನು ಮಗುಗೆ ಮಾತ್ರ ಟೀಚರಲ್ಲ, ಅಜ್ಜಿಗೂ ಟೀಚರು. ವಾರಕ್ಕೊಂದ್ಸಲ ನಾನು ಬಂದು ಏನಾಗುತ್ತೆ? ದಿನಾ ಇರೋದು ಅಜ್ಜಿ ತಾನೇ?"

ವಾರಕ್ಕೊಮ್ಮೆ ಬರಲಾಗುವುದೂ ಒಳ್ಳೆಯ ತಿಂಗಳುಗಳಲ್ಲಿ. ಈ ತಾಲ್ಲೂಕಿನಷ್ಟೂ ಸರ್ಕಾರಿ ಶಾಲೆಗಳಲ್ಲಿ ಹಂಚಿಹೋದ ವಿಶೇಷ ಮಕ್ಕಳಿಗೆ ಇವರಂಥವರು ಬೆರಳೆಣಿಕೆಯಷ್ಟೇ. ಅದರ ನಡುವೆ ವೈದ್ಯಕೀಯ ಶಿಬಿರಕ್ಕೆ ಮಕ್ಕಳನ್ನು ಸೇರಿಸಬೇಕು, ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ ತುಂಬಿಸಬೇಕು, ಗಾಲಿಕುರ್ಚಿ, ಕ್ಯಾಲಿಪರ್‌ಗಳ ಪಟ್ಟಿ ಕಳಿಸಬೇಕು, ಮಾಹಿತಿ ಅಪ್‌ಲೋಡ್ ಮಾಡಬೇಕು. ಎರಡು ವರ್ಷ ಓದಿ ಪಳಗಿದ ಬೆರಳುಗಳು ದಿನದ ಬಹುಭಾಗ ಕಂಪ್ಯೂಟರಿನ ಕೀಲಿಮಣೆಯ ಮೇಲಿರುತ್ತವೆ.

ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಇಟ್ಟಿದ್ದಾರೆ. ಸಾಧನ ಸಲಕರಣೆ, ಓಡಾಟದ ಭತ್ಯೆ, ಬೆಂಗಾವಲು ಭತ್ಯೆಗಳಂಥ ಖರ್ಚುಗಳೆಲ್ಲ ಅದರೊಳಗೆ. ದಿನಕ್ಕೆ ಹತ್ತು ರೂಪಾಯಿಯೂ ಆಗುವುದಿಲ್ಲ. ಹೆಣ್ಣುಮಕ್ಕಳಿಗೆ ಬೇರೆಯಾಗಿ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಪ್ರೋತ್ಸಾಹಧನವಿದೆ. ಈ ಮೊತ್ತ ಹೆಚ್ಚಬೇಕು, ನಿಜ. ಆದರೆ ದುಡ್ಡಿಗಿಂತ ದೊಡ್ಡ ಕೊರತೆ ಮನುಷ್ಯರದ್ದು. ಹೊಸ ಬ್ಯಾಚಿಗೆ ಹೊಸ ತರಬೇತಿ ಕೊಡಲು ನಾವು ಸದಾ ಸಿದ್ಧ. ತರಬೇತಿ ಪಡೆದವರಿಗೆ ಕಾಯಂ ಹುದ್ದೆ ಸೃಷ್ಟಿಸುವ ಮಾತು ಬಂದಾಗ ಕಡತ ಮುಂದೆ ಹೋಗುವುದಿಲ್ಲ. ದೇಶದ ಹಲವು ರಾಜ್ಯಗಳಲ್ಲಿ ವಿಶೇಷ ಶಿಕ್ಷಕರು ವರ್ಷ ವರ್ಷ ನವೀಕರಣವಾಗುವ ಗುತ್ತಿಗೆಯ ಮೇಲೇ ದುಡಿಯುತ್ತ ಬಂದಿದ್ದಾರೆ. ಬಿಗಿದ ತೋಳು ಸಡಿಲವಾಗಲು ಕಾಯುವವರಿಗೆ ಬರುವ ಏಪ್ರಿಲ್‌ನಲ್ಲಿ ತಮ್ಮ ಕೆಲಸ ಇರುತ್ತದೋ ಇಲ್ಲವೋ ಎಂಬ ಅಂಜಿಕೆ ಇರಬಾರದು.

ಕಾಯಂ ಹುದ್ದೆಗಳು ಬೇಕೆಂಬುದನ್ನು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿಯಾಗಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ನೀಡಿದ ತೀರ್ಪಿನ ಬಳಿಕ ನಿಗದಿಯಾದ ಅನುಪಾತದಂತೆ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು, ಹಿರಿಯ ಪ್ರಾಥಮಿಕ ಮತ್ತು ಪ್ರೌಢ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು. ಮೂರು ವರ್ಷ ಕಳೆದರೂ ರಾಜ್ಯಗಳು ಹುದ್ದೆ ತುಂಬದಿದ್ದಾಗ, 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ಮತ್ತೆ ಎಲ್ಲ ರಾಜ್ಯಗಳಿಗೂ ಮಂಜೂರಾದ ಹುದ್ದೆಗಳ ಸಂಖ್ಯೆ ಪ್ರಕಟಿಸಿ ನೇಮಕಾತಿಗೆ ಜಾಹೀರಾತು ಕೊಡಲು ಗಡುವು ಹಾಕಿತು.

ಐದನೇ ದಿನ ಸಂಜೆ. ಬಿಆರ್‌ಸಿ ಹಾಲ್‌ನಲ್ಲಿ ಹಿಮ್ಮಾಹಿತಿ ನಮೂನೆ ಹಂಚುತ್ತಿದ್ದಾರೆ. ತರಬೇತಿ ಹೇಗಿತ್ತು? ಉತ್ತಮ, ಅತ್ಯುತ್ತಮ, ಸಾಧಾರಣ. ಟಿಎ ಬಿಲ್ಲಿಗೆ ಸಹಿ, ಹಾಜರಾತಿ ಪ್ರಮಾಣಪತ್ರ, ಬ್ಯಾನರಿನ ಮುಂದೆ ಗುಂಪು ಫೋಟೋ. ನಲಿ-ಕಲಿ ಟೀಚರ್ ಬ್ರೈಲ್ ಸ್ಲೇಟೊಂದನ್ನು ಸಹಿ ಹಾಕಿ ಶಾಲೆಗೆ ಕೇಳಿ ಪಡೆದಿದ್ದಾರೆ. ನಮೂನೆಯಲ್ಲಿ ಸಲಹೆಗಳಿಗೆಂದು ಬಿಟ್ಟ ಎರಡು ಗೆರೆಯ ಜಾಗದಲ್ಲಿ ಹಿರಿಯ ಮೇಷ್ಟ್ರು ಬರೆದದ್ದು ನಿಮಗೆ ಕಾಣುತ್ತದೆ: "ನಮ್ಮ ಕ್ಲಸ್ಟರಿಗೆ ಒಬ್ಬ ವಿಶೇಷ ಶಿಕ್ಷಕರನ್ನು ಕೊಡಿ. ಪಕ್ಕದಲ್ಲಿ ನಿಂತು ಕಲಿಯುತ್ತೇವೆ."

ಸರ್ಕಾರ ಮೊದಲು ಮಾಡಬೇಕಾದದ್ದು ಇದನ್ನೇ ಎಂದು ನಾನು ನಂಬಿದ್ದೇನೆ. ಐದು ದಿನದ ತರಬೇತಿ ಎಲ್ಲ ಶಿಕ್ಷಕರಿಗೂ ಬೇಕು, ಅದನ್ನು ನಿಲ್ಲಿಸಬಾರದು. ಅದರ ಜೊತೆಗೆ ಪ್ರತಿ ಕ್ಲಸ್ಟರಿಗೂ ಎರಡು ವರ್ಷ ಓದಿದ, ಕಾಯಂ ಹುದ್ದೆಯ ವಿಶೇಷ ಶಿಕ್ಷಕರು ಬರಬೇಕು. ಹಾಗಾದರೆ ತರಬೇತಿಗೆ ಸುರಿದ ದುಡ್ಡು ಮಗುವಿನ ಬೆರಳಿನ ತನಕ ತಲುಪುತ್ತದೆ.

ನಿಮ್ಮ ಕೈಯಲ್ಲೂ ಒಂದು ಕೆಲಸವಿದೆ. ನಿಮ್ಮೂರಿನ ಸರ್ಕಾರಿ ಶಾಲೆಯ ಮುಂದಿನ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಗೆ ಹೋಗಿ. ನಮ್ಮ ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳೆಷ್ಟು, ಮನೆಯಲ್ಲೇ ಉಳಿದವರೆಷ್ಟು, ಅವರಿಗೆ ಕಲಿಸಲು ಕಳೆದ ತಿಂಗಳು ಯಾರು, ಎಷ್ಟು ಸಲ ಬಂದರು ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಕಚೇರಿಗೂ ಇನ್ನೊಂದನ್ನು ನಿಮ್ಮ ಶಾಸಕರಿಗೂ ಕಳಿಸಿ.